ಡಂಗುರವಿಲ್ಲದ ಸುಧಾರಣೆ

ಹಿಂದಿನ ಕಾಲದಲ್ಲಿ ನಮ್ಮ ಹಳ್ಳಿಗಳಿಗೆ ಹೊಸ ಅಪ್ಪಣೆಯೊಂದು ಬಂದರೆ ಡಂಗುರ ಸಾರುವ ಪದ್ಧತಿಯಿತ್ತು. ಕಾಲುವೆಗೆ ನೀರು ಬಿಡುವ ದಿನವಿರಲಿ, ಕಂದಾಯ ಸಲ್ಲಿಸುವ ಗಡುವಿರಲಿ, ಡಂಗುರದವನು ಹಲಗೆಯನ್ನು ಬಾರಿಸುತ್ತ ಓಣಿ ಓಣಿಗೂ ಹೋಗಿ, ನಾಲ್ಕು ಮನೆಗಳ ನಡುವೆ ನಿಂತು, ಎಲ್ಲರಿಗೂ ಕೇಳಿಸುವಂತೆ ಕೂಗಿ ಹೇಳುತ್ತಿದ್ದನು. ಆ ಪದ್ಧತಿಯಲ್ಲಿ ನಾಲ್ಕು ಗುಣಗಳಿದ್ದವು. ಕಾರ್ಯವು ನಡೆಯುವ ಮೊದಲೇ ಸುದ್ದಿ ಬರುತ್ತಿತ್ತು. ಕೇಳುವವರು ಇದ್ದಲ್ಲಿಗೆ ಸುದ್ದಿಯೇ ನಡೆದು ಬರುತ್ತಿತ್ತು. ಅದು ಕೇಳುವವರ ಆಡುಮಾತಿನಲ್ಲಿ ಬರುತ್ತಿತ್ತು. ತಿಳಿಯದವರು ಅವನನ್ನು ತಡೆದು ನಿಲ್ಲಿಸಿ, “ಯಾವ ದಿನ? ಯಾವ ಹೊತ್ತಿಗೆ?” ಎಂದು ತಿರುಗಿ ಕೇಳಬಹುದಾಗಿತ್ತು. ಇಂದು ಪುಣೆಯಂತಹ ಮಹಾನಗರದಲ್ಲಿ ಬಸ್ಸಿನ ವ್ಯವಸ್ಥೆಯು ಮೇಲಿಂದ ಮೇಲೆ ಬದಲಾಗುತ್ತಿದೆ. ಆ ಬದಲಾವಣೆಯ ಸುದ್ದಿಯು ಜನರನ್ನು ಮುಟ್ಟುವ ಬಗೆಯಲ್ಲಿ ಈ ನಾಲ್ಕು ಗುಣಗಳು ಉಳಿದಿವೆಯೇ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರಿಗೆ ಮಾರ್ಕೆಟ್ ಯಾರ್ಡು ಹೊಸದಲ್ಲ. ಗುಲ್ಟೇಕಡಿಯ ಆ ವಿಶಾಲವಾದ ಪೇಟೆಯಲ್ಲಿ ನಸುಕು ಹರಿಯುವ ಮೊದಲೇ ಕಾಯಿಪಲ್ಲೆ, ಹಣ್ಣು, ಹೂವು, ಉಳ್ಳಾಗಡ್ಡಿ, ಕಾಳುಕಡಿಗಳ ಲಾರಿಗಳು ಬಂದು ನಿಲ್ಲುತ್ತವೆ. ಹೊರೆ ಇಳಿಸುವ ಹಮಾಲರು, ಉಳ್ಳಾಗಡ್ಡಿ ಆರಿಸುವ ಹೆಂಗಸರು, ಬುಟ್ಟಿಯಲ್ಲಿ ಹೂವು ಕೊಂಡು ಊರ ಬೇರೆ ಬೇರೆ ಭಾಗಗಳಿಗೆ ಮಾರಲು ಹೋಗುವವರು, ಇವರಲ್ಲಿ ಕಲಬುರಗಿ, ವಿಜಯಪುರ, ಬಾಗಲಕೋಟೆ, ಯಾದಗಿರಿ ಜಿಲ್ಲೆಗಳಿಂದ ಬಂದ ನಮ್ಮವರೂ ಇದ್ದಾರೆ. ಇಂಥವರಿಗೆ ಸ್ವಂತ ವಾಹನವಿಲ್ಲ. ರಿಕ್ಷಾಕ್ಕೆ ಕೊಡುವಷ್ಟು ಹಣ ದಿನದ ಗಳಿಕೆಯಲ್ಲಿ ಉಳಿಯುವುದಿಲ್ಲ. ಬಸ್ಸೇ ಅವರ ಕಾಲು. ಬಸ್ಸು ತಪ್ಪಿ ಅರ್ಧ ತಾಸು ತಡವಾದರೆ ಕೆಲಸವು ಬೇರೊಬ್ಬರ ಪಾಲಾಗುತ್ತದೆ. ಆದುದರಿಂದ ಬಸ್ಸಿನ ದಾರಿ, ಹೊತ್ತು, ದರಗಳಲ್ಲಿ ಆಗುವ ಸಣ್ಣ ಬದಲಾವಣೆಯೂ ಅವರ ಮನೆಯ ಒಲೆಯವರೆಗೆ ಹೋಗಿ ಮುಟ್ಟುತ್ತದೆ.

ಸುಧಾರಣೆಗಳೇ ಆಗಿಲ್ಲವೆಂದು ಹೇಳುವುದು ಅನ್ಯಾಯವಾದೀತು. ೨೦೦೭ರಲ್ಲಿ ಪುಣೆ ಮತ್ತು ಪಿಂಪ್ರಿ-ಚಿಂಚವಾಡಗಳ ಎರಡು ಪ್ರತ್ಯೇಕ ಬಸ್ ಸಂಸ್ಥೆಗಳು ಒಂದುಗೂಡಿ ಪುಣೆ ಮಹಾನಗರ ಪರಿವಹನ ಮಹಾಮಂಡಳವಾಯಿತು. ೨೦೧೯ರಿಂದ ವಿದ್ಯುಚ್ಛಕ್ತಿಯ ಬಸ್ಸುಗಳು ರಸ್ತೆಗೆ ಬಂದವು. ೨೦೨೪ರಲ್ಲಿ ‘ಆಪ್ಲಿ ಪಿ.ಎಂ.ಪಿ.ಎಂ.ಎಲ್.’ ಎಂಬ ಮೊಬೈಲ್ ಆ್ಯಪ್ ಹೊರಬಂದಿತು. ಬಸ್ಸು ಎಲ್ಲಿದೆ ಎಂಬುದನ್ನು ಅದರಲ್ಲಿ ನೋಡಬಹುದು, ಚೀಟಿಯನ್ನೂ ಕೊಳ್ಳಬಹುದು. ಅದೇ ವರುಷದ ಸೆಪ್ಟೆಂಬರಿನಲ್ಲಿ ಮೆಟ್ರೊ ರೈಲು ಸ್ವಾರಗೇಟಿನವರೆಗೆ ಬಂದಿತು. ಇವೆಲ್ಲವೂ ಮೆಚ್ಚತಕ್ಕ ಕಾರ್ಯಗಳೇ. ಆದರೆ ಆ್ಯಪಿನ ಸುದ್ದಿಯು ಆ್ಯಪು ಇರುವವನಿಗೆ ಮಾತ್ರ ಮುಟ್ಟುತ್ತದೆ. ಸಾದಾ ಫೋನು ಹಿಡಿದ ಮುದುಕನಿಗೂ, ಮಗನ ಫೋನು ಮಗನೊಡನೆಯೇ ಕೆಲಸಕ್ಕೆ ಹೋಗುವ ಮನೆಯ ತಾಯಿಗೂ ಅದು ಕನ್ನಡಿಯೊಳಗಿನ ಗಂಟು.

ಲೆಕ್ಕದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ೨೦೨೫ರ ಜೂನ್ ೧ರಿಂದ ಬಸ್ಸಿನ ಕನಿಷ್ಠ ದರವು ೫ ರೂಪಾಯಿಯಿಂದ ೧೦ ರೂಪಾಯಿಗೆ ಏರಿತು. ಎರಡು ನಗರಗಳ ಮೇರೆಯೊಳಗಿನ ದಿನದ ಪಾಸು ೪೦ ರೂಪಾಯಿಯಿಂದ ೭೦ಕ್ಕೆ ಹೋಯಿತು. ದರವನ್ನು ಏರಿಸಿದ್ದು ಸರಿಯೋ ತಪ್ಪೋ ಎಂಬುದು ಬೇರೆಯ ಚರ್ಚೆ. ಏರಿದ ಮೇಲೆ ಯಾರಿಗೆ ಯಾವುದು ಲಾಭವೆಂಬುದನ್ನು ತಿಳಿಸಿ ಹೇಳುವವರು ಯಾರು? ದಿನಕ್ಕೆ ನಾಲ್ಕು ಸಲ, ಸಲಕ್ಕೆ ೨೦ ರೂಪಾಯಿಯ ಚೀಟಿ ತೆಗೆಯುವವನು ೮೦ ರೂಪಾಯಿ ಕೊಡುತ್ತಾನೆ. ಬೆಳಗಿನ ಬಸ್ಸಿನಲ್ಲಿಯೇ ಪಾಸು ಕೇಳಿದ್ದರೆ ೭೦ಕ್ಕೆ ಮುಗಿಯುತ್ತಿತ್ತು. ದಿನಕ್ಕೆ ೧೦ ರೂಪಾಯಿಯೆಂದರೆ, ತಿಂಗಳಲ್ಲಿ ೨೫ ದಿನ ದುಡಿಯುವವನಿಗೆ ೨೫೦ ರೂಪಾಯಿ. ಇಷ್ಟು ಹಣವನ್ನು ಅವನು ಕಳೆದುಕೊಂಡದ್ದು ದರ ಏರಿದ್ದರಿಂದಲ್ಲ, ಪಾಸು ಇದೆಯೆಂಬುದನ್ನು ಅರಿಯದೆ ಇದ್ದುದರಿಂದ. ಅರಿತವನು ಉಳಿಸಿಕೊಂಡನು; ಅರಿಯದವನು ತೆತ್ತನು. ಒಂದೇ ಬಸ್ಸಿನ ಒಂದೇ ಆಸನದ ಮೇಲೆ ಕುಳಿತ ಇಬ್ಬರಲ್ಲಿ ಬಡವನಿಗೇ ಪ್ರಯಾಣವು ಹೆಚ್ಚು ತುಟ್ಟಿಯಾಗುವುದು ಹೀಗೆ.

ಇನ್ನು ಲಿಪಿಯ ಮಾತು. ಪುಣೆಯ ಅನೇಕ ಬಸ್ಸುಗಳ ಫಲಕಗಳಲ್ಲಿ ಊರಿನ ಹೆಸರೂ ದಾರಿಯ ಸಂಖ್ಯೆಯೂ ದೇವನಾಗರಿಯಲ್ಲಿರುತ್ತವೆ. ಮರಾಠಿಯ ನಾಡಿನಲ್ಲಿ ಮರಾಠಿಗೆ ಅಗ್ರಸ್ಥಾನವಿರುವುದು ನ್ಯಾಯವೇ. ಆದರೆ ಅಂಕಿಗಳ ತೊಡಕನ್ನು ನೋಡಿರಿ. ದೇವನಾಗರಿಯ ಒಂದು, ಇಂಗ್ಲಿಷಿನ ಒಂಬತ್ತಿನಂತೆ ಕಾಣುತ್ತದೆ. ದೇವನಾಗರಿಯ ಏಳು ಆರರಂತೆಯೂ, ಐದು ನಾಲ್ಕರಂತೆಯೂ ತೋರುತ್ತವೆ. ಬಸ್ಸು ಬಂದು ನಿಲ್ಲುವುದು ಅರ್ಧ ನಿಮಿಷ. ಅಷ್ಟರಲ್ಲಿ ಹೊಸದಾಗಿ ಊರಿಗೆ ಬಂದ ತಾಯಿಯೊಬ್ಬಳು ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಸಂಖ್ಯೆಯನ್ನು ಓದಿ, ತಾಳೆ ನೋಡಿ, ಹತ್ತಬೇಕು. ಇಲ್ಲಿ ಬೇಕಾದುದು ಕನ್ನಡದ ಫಲಕವೇನಲ್ಲ. ಸಂಖ್ಯೆಯು ಎರಡೂ ಬಗೆಯ ಅಂಕಿಗಳಲ್ಲಿ, ದೊಡ್ಡದಾಗಿ, ದೀಪದ ಬೆಳಕಿನಲ್ಲಿ ಕಾಣುವಂತಿದ್ದರೆ ಸಾಕು. ಅದು ಕನ್ನಡಿಗನಿಗೆ ಮಾತ್ರವಲ್ಲದೆ ತೆಲುಗನಿಗೂ, ಬಂಗಾಲಿಗೂ, ಕಣ್ಣು ಮಂಜಾದ ಮರಾಠಿ ಮುದುಕಿಗೂ ಉಪಕಾರವೇ.

ಓದಲಾರದವರಿಗೆ ಹೇಳುವುದು ಹೇಗೆಂಬ ಪ್ರಶ್ನೆಗೆ ಬೇರೆ ದೇಶದವರು ಹಿಂದೆಯೇ ಉತ್ತರವನ್ನು ಕಂಡುಕೊಂಡಿದ್ದಾರೆ. ೧೯೬೯ರಲ್ಲಿ ಮೆಕ್ಸಿಕೋ ನಗರದಲ್ಲಿ ನೆಲದಡಿಯ ರೈಲು ಆರಂಭವಾದಾಗ, ಲ್ಯಾನ್ಸ್ ವೈಮನ್ ಎಂಬ ಕಲಾವಿದನ ಕಲ್ಪನೆಯಂತೆ, ಪ್ರತಿಯೊಂದು ನಿಲ್ದಾಣಕ್ಕೂ ಹೆಸರಿನೊಡನೆ ಒಂದು ಚಿತ್ರವನ್ನೂ ಕೊಟ್ಟರು. ಚಾಪುಲ್ತೆಪೆಕ್ ಎಂದರೆ ಅಲ್ಲಿಯ ಮೂಲನಿವಾಸಿಗಳ ಭಾಷೆಯಲ್ಲಿ ಮಿಡತೆಯ ಗುಡ್ಡ. ಆ ನಿಲ್ದಾಣದ ಗುರುತು ಮಿಡತೆ. ಅಕ್ಷರ ಬಾರದವನೂ “ಮಿಡತೆಯಲ್ಲಿ ಇಳಿ” ಎಂಬ ಮಾತಿನಿಂದ ದಾರಿಯನ್ನು ಹಿಡಿಯಬಲ್ಲನು. ನಮ್ಮ ಮಾರ್ಕೆಟ್ ಯಾರ್ಡಿನ ನಿಲ್ದಾಣದಲ್ಲಿ ಹೂವಿನ ಪೇಟೆಯ ಕಡೆಗೆ ಹೂವಿನ ಚಿತ್ರವನ್ನೂ, ಉಳ್ಳಾಗಡ್ಡಿಯ ಕಡೆಗೆ ಉಳ್ಳಾಗಡ್ಡಿಯ ಚಿತ್ರವನ್ನೂ ಬರೆಯಲು ಎಷ್ಟು ಬಣ್ಣ ಬೇಕಾದೀತು?

ಸುಧಾರಣೆಯನ್ನು ಜನರಿಗೆ ತಿಳಿಸದಿದ್ದರೆ ಏನಾಗುವುದೆಂಬುದಕ್ಕೆ ನಮ್ಮ ಬಾಗಿಲಲ್ಲಿಯೇ ನಿದರ್ಶನವಿದೆ. ೨೦೦೬ರ ಡಿಸೆಂಬರಿನಲ್ಲಿ ಕಾತ್ರಜ್‌ನಿಂದ ಸ್ವಾರಗೇಟಿನ ಮೇಲೆ ಹಡಪಸರದವರೆಗೆ ಬಸ್ಸಿಗೆಂದೇ ಪ್ರತ್ಯೇಕವಾದ ಪಥವನ್ನು ಆರಂಭಿಸಿದರು. ಮಾರ್ಕೆಟ್ ಯಾರ್ಡಿಗೆ ಹತ್ತಿರದ ಸಾತಾರಾ ರಸ್ತೆಯೂ ಅದರಲ್ಲಿ ಸೇರಿತ್ತು. ಬಸ್ಸು ರಸ್ತೆಯ ನಡುವೆ ಓಡುವುದು, ಜನರು ನಡುವಿನ ನಿಲ್ದಾಣಕ್ಕೆ ದಾಟಿ ಹೋಗುವುದು, ಉಳಿದ ವಾಹನಗಳು ಬದಿಗೆ ಸರಿಯುವುದು, ಎಲ್ಲವೂ ಹೊಸ ಅಭ್ಯಾಸಗಳು. ಕೆಲಸವು ಪೂರ್ತಿಯಾಗುವ ಮೊದಲೇ ಬಸ್ಸು ಓಡಿದುದರಿಂದ ಅಪಘಾತಗಳಾದವು, ಟೀಕೆಗಳಾದವು. ಒಂದು ಬಸ್ಸಿನಲ್ಲಿ ಅರುವತ್ತು ಜನ ಕುಳಿತು, ನಿಂತು ಹೋಗುತ್ತಾರಾದುದರಿಂದ ಅದಕ್ಕೆ ದಾರಿ ಬಿಡಬೇಕೆಂಬ ಮೂಲತತ್ತ್ವವು ಆ ಗದ್ದಲದಲ್ಲಿ ಮುಳುಗಿಹೋಯಿತು. ಕಾರಿನಲ್ಲಿದ್ದವರ ಸಿಟ್ಟು ಪತ್ರಿಕೆಗಳಲ್ಲಿ ಕೇಳಿಸಿತು, ಬಸ್ಸಿನಲ್ಲಿದ್ದವರಿಗೆ ದನಿಯಿರಲಿಲ್ಲ. ೨೦೧೫ರಲ್ಲಿ ‘ರೇನ್‌ಬೋ’ ಎಂಬ ಹೆಸರಿನಿಂದ ಬೇರೆ ಮಾರ್ಗಗಳಲ್ಲಿ ಅದೇ ಯೋಜನೆಯನ್ನು ಮತ್ತೆ ಆರಂಭಿಸುವಾಗ, ಜನರಿಗೆ ತಿಳಿವಳಿಕೆ ಕೊಡುವ ಪ್ರಯತ್ನವು ಮೊದಲಿಗಿಂತ ಚೆನ್ನಾಗಿ ನಡೆಯಿತು. ಆದರೂ ನಗರ ರಸ್ತೆಯೆಂದು ಹೆಸರಾದ ಹೆದ್ದಾರಿಯಲ್ಲಿ ೨೦೧೬ರಲ್ಲಿ ತೆರೆದ ಪಥದ ಭಾಗಗಳನ್ನು ಕೆಲವೇ ವರುಷಗಳಲ್ಲಿ ಕಿತ್ತುಹಾಕಿದರು. ಉದ್ಘಾಟನೆಯ ದಿನದ ತಿಳಿವಳಿಕೆಯು ಒಂದೆರಡು ವರುಷಗಳಲ್ಲಿ ಮಾಸಿಹೋಗುತ್ತದೆ. ಹೇಳುವ ಕಾರ್ಯವನ್ನು ಮುಂದುವರಿಸುತ್ತಲೇ ಇರಬೇಕು.

ಇದೇ ಊರು ಮನಸ್ಸು ಮಾಡಿದರೆ ಸಾರಬಲ್ಲದು. ೨೦೧೨ರ ನವೆಂಬರ್ ೧ರಂದು ‘ಸಕಾಳ’ ಪತ್ರಿಕಾ ಸಮೂಹದ ಮುಂದಾಳುತನದಲ್ಲಿ ಪುಣೆಯಲ್ಲಿ ‘ಬಸ್ ಡೇ’ ನಡೆಯಿತು. ಅಂದು ಸ್ವಂತ ವಾಹನಗಳನ್ನು ಮನೆಯಲ್ಲಿಟ್ಟು ಬಸ್ಸಿನಲ್ಲಿ ಹೋಗಿರೆಂದು ಜನರನ್ನು ಮುಂಚಿತವಾಗಿಯೇ ಹುರಿದುಂಬಿಸಿದ್ದರು. ಅದು ಸ್ತುತ್ಯವಾದ ಪ್ರಯತ್ನವೇ. ಆದರೆ ಆ ಕರೆಯು ವಾಹನವುಳ್ಳವರಿಗಾಗಿ ಇತ್ತು. ಬಿಟ್ಟು ಬರಲು ವಾಹನವೇ ಇಲ್ಲದವನು, ವರುಷದ ಎಲ್ಲ ದಿನಗಳೂ ಯಾರಿಗೆ ‘ಬಸ್ ಡೇ’ಯೋ ಅವನು, ಹೇಗಿದ್ದರೂ ಬಂದೇ ಬರುತ್ತಾನೆಂಬ ಭಾವನೆಯಿಂದ ಅವನಿಗೆ ಹೇಳುವ ಕಾರ್ಯವು ಹಿಂದೆ ಬೀಳುತ್ತದೆ. ನನ್ನ ಅಭಿಪ್ರಾಯದಲ್ಲಿ ಮೊದಲು ಹೇಳಬೇಕಾದುದು ಅವನಿಗೇ.

ನಮ್ಮ ಸೀಮೆಯಿಂದಲೂ ಕಲಿಯತಕ್ಕದ್ದುಂಟು. ಹುಬ್ಬಳ್ಳಿ-ಧಾರವಾಡಗಳ ನಡುವೆ ಸುಮಾರು ೨೨ ಕಿಲೋಮೀಟರ್ ಉದ್ದದ ತ್ವರಿತ ಬಸ್ ಮಾರ್ಗದಲ್ಲಿ ೨೦೧೮ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಬಸ್ಸು ಓಡಿತು. ೨೦೨೦ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ಆ ಬಸ್ಸಿಗೆ ಇಟ್ಟ ಹೆಸರು ‘ಚಿಗರಿ’. ನಮ್ಮ ಕಡೆಯ ಯಾವ ಅಜ್ಜಿಗೂ ಚಿಗರಿಯೆಂದರೆ ಅಡವಿಯಲ್ಲಿ ಜಿಗಿದು ಓಡುವ ಪ್ರಾಣಿಯೆಂದು ಹೇಳಿಕೊಡಬೇಕಾಗಿಲ್ಲ. ಈ ಬಸ್ಸು ತಡೆಯಿಲ್ಲದೆ ಬೇಗ ಹೋಗುವುದೆಂಬ ಸುದ್ದಿಯು ಆ ಮೂರಕ್ಷರಗಳಲ್ಲಿಯೇ ಅಡಗಿದೆ. ಆ ಮಾರ್ಗದ ಮೇಲೆ ದೂರುಗಳಿಲ್ಲವೆಂದಲ್ಲ, ಇವೆ. ಆದರೂ ಜನರು ತಮ್ಮ ಬಾಯಿಂದ ಕರೆಯಬಲ್ಲ ಹೆಸರನ್ನು ಕೊಟ್ಟದ್ದು ಜಾಣತನವಾಯಿತು. ಮೈಸೂರಿನಲ್ಲಿ ೨೦೧೨ರಲ್ಲಿಯೇ ನಗರದ ಬಸ್ ನಿಲ್ದಾಣಗಳಲ್ಲಿ ಬಸ್ಸು ಬರುವ ಹೊತ್ತನ್ನು ತೋರಿಸುವ ಫಲಕಗಳನ್ನಿಟ್ಟು, ಆ ವ್ಯವಸ್ಥೆಗೆ ‘ಮಿತ್ರ’ ಎಂದು ಹೆಸರಿಟ್ಟರು. ಫೋನಿಲ್ಲದವನೂ ತಲೆಯೆತ್ತಿದರೆ ಸುದ್ದಿಯು ಸಿಗಬೇಕೆಂಬುದೇ ಅಂಥ ಫಲಕದ ಗುರಿ.

“ಇಷ್ಟೊಂದು ಜನರಿಗೆ ಒಬ್ಬೊಬ್ಬರಾಗಿ ಹೇಳಲು ಸಾಧ್ಯವೇ?” ಎಂದು ಕೆಲವರು ಆಕ್ಷೇಪಿಸಬಹುದು. ಒಬ್ಬೊಬ್ಬರಿಗೆ ಹೇಳಬೇಕಾಗಿಲ್ಲ, ಜನರು ಕೂಡುವ ತಾಣಗಳನ್ನು ಅರಿತರೆ ಸಾಕು. ಮಾರ್ಕೆಟ್ ಯಾರ್ಡಿನಲ್ಲಿ ಡಾ. ಬಾಬಾ ಆಢಾವ್ ಅವರು ಕಟ್ಟಿ ಬೆಳೆಸಿದ ಹಮಾಲ ಪಂಚಾಯತಿಯಿದೆ. ಅದು ನಡೆಸುವ ‘ಕಷ್ಟಾಚೀ ಭಾಕರ್’ ಎಂಬ ಊಟದ ಮನೆಗಳಿಗೆ ದುಡಿಯುವ ಜನರು ಬರುತ್ತಾರೆ. ಅಲ್ಲಿಯ ಗೋಡೆಯ ಮೇಲೆ ಹೊಸ ದರದ ಕಾಗದವೊಂದನ್ನು ಅಂಟಿಸಿದರೆ, ಓದಬಲ್ಲ ಒಬ್ಬನು ಓದಿ ಹತ್ತು ಜನರಿಗೆ ಹೇಳುತ್ತಾನೆ. ಪೇಟೆಯ ಬಾಗಿಲಲ್ಲಿ ಮೂರು ಮುಂಜಾನೆ ಧ್ವನಿವರ್ಧಕದಿಂದ ಕೂಗಿ ಹೇಳಿದರೆ ಅದೇ ಇಂದಿನ ಡಂಗುರ. ಇದರೊಡನೆ ಕೇಳಿಸಿಕೊಳ್ಳುವ ಕಿವಿಯೂ ಬೇಕು. ಪೇಟೆಯ ಬಸ್ಸು ಯಾವ ಹೊತ್ತಿಗೆ ಹೊರಟರೆ ಅನುಕೂಲವೆಂಬುದು ಕಚೇರಿಯ ನಕ್ಷೆಗಿಂತ ಬುಟ್ಟಿ ಹೊತ್ತ ಹೆಂಗಸಿಗೆ ಹೆಚ್ಚು ಗೊತ್ತು. ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ಗಾದೆಯು ಅಧಿಕಾರಿಗಳಿಗೂ ಅನ್ವಯಿಸುತ್ತದೆ.

ಈಗ ನಿಮ್ಮ ಕಡೆಗೆ ತಿರುಗುತ್ತೇನೆ. ನೀವು ಮನೆಯಲ್ಲಿ ಕನ್ನಡವನ್ನೂ, ಬೀದಿಯಲ್ಲಿ ಮರಾಠಿಯನ್ನೂ, ತರಗತಿಯಲ್ಲಿ ಇಂಗ್ಲಿಷಿನ ಅಕ್ಷರಗಳನ್ನೂ ಬಲ್ಲವರು. ಮರಾಠಿಯನ್ನು ಚೆನ್ನಾಗಿ ಕಲಿಯಿರಿ. ಅನ್ನ ಕೊಟ್ಟ ನೆಲದ ಭಾಷೆಯದು. ನಿಲ್ದಾಣದಲ್ಲಿ ಯಾರಾದರೂ ಸಂಖ್ಯೆಯನ್ನು ಕೇಳಿದರೆ ಬೇಸರಿಸದೆ ಓದಿ ಹೇಳಿರಿ. ತಾಯಿಗೆ ದೇವನಾಗರಿಯ ಹತ್ತು ಅಂಕಿಗಳನ್ನು ಒಂದು ರವಿವಾರ ಕಲಿಸಿರಿ. ಪಾಸಿನ ಲೆಕ್ಕವನ್ನು ತಂದೆಗೆ ಮಾಡಿ ತೋರಿಸಿರಿ. ನಿಲ್ದಾಣದಲ್ಲಿ ಫಲಕವಿಲ್ಲದಿದ್ದರೆ ನಾಲ್ಕೈದು ಜನ ಕೂಡಿ, ಶುದ್ಧವಾದ ಮರಾಠಿಯಲ್ಲಿ, ವಿನಯದಿಂದ ಸಂಬಂಧಪಟ್ಟ ಕಚೇರಿಗೆ ಪತ್ರ ಬರೆಯಿರಿ. ಆದರೆ ಒಂದು ಮಾತು ನೆನಪಿರಲಿ. ಮಕ್ಕಳು ಓದಿ ಹೇಳುತ್ತಾರೆಂದು ಫಲಕವನ್ನು ಬರೆಯದಿರಲು ಯಾರಿಗೂ ಅಧಿಕಾರವಿಲ್ಲ. ನೀವು ಶಾಲೆಯಲ್ಲಿರುವ ಹೊತ್ತಿನಲ್ಲಿಯೂ ನಿಮ್ಮ ತಾಯಿ ಯಾರನ್ನೂ ಕೇಳದೆ ತನ್ನ ಬಸ್ಸನ್ನು ತಾನೇ ಗುರುತಿಸಿ ಹತ್ತುವಂತಾಗಬೇಕು.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ಮೆಟ್ರೊ ಮಾರ್ಗವನ್ನು ಸ್ವಾರಗೇಟಿನಿಂದ ಕಾತ್ರಜ್‌ವರೆಗೆ ನೆಲದಡಿಯಲ್ಲಿ ಮುಂದುವರಿಸಲು ಕೇಂದ್ರ ಸರಕಾರವು ೨೦೨೪ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟಿದೆ. ಮಾರ್ಕೆಟ್ ಯಾರ್ಡಿಗೂ ಅದರಲ್ಲಿ ಒಂದು ನಿಲ್ದಾಣವುಂಟು. ಇಂಥ ಕೆಲಸ ನಡೆಯುವ ಕಡೆ ರಸ್ತೆಯನ್ನು ಅಗೆಯುವುದು, ಬಸ್ಸಿನ ದಾರಿಯು ಸುತ್ತಾಗುವುದು, ನಿಲ್ದಾಣವು ಆಚೀಚೆ ಸರಿಯುವುದು ಸಹಜ. ಆ ತೊಂದರೆಯನ್ನು ಜನರು ಸಹಿಸಿಯಾರು. ಆದರೆ ನಿಲ್ದಾಣವು ಸರಿಯುವ ಎಂಟು ದಿನ ಮೊದಲೇ ಹಳೆಯ ನಿಲ್ದಾಣದ ಕಂಬಕ್ಕೆ ಬಾಣದ ಗುರುತಿನ ಫಲಕವೊಂದನ್ನು ಕಟ್ಟಲಿ. ಮೊದಲ ಎರಡು ಮುಂಜಾನೆ ಅಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಲಿ. ಇಷ್ಟು ಮಾಡಿದರೆ ಕತ್ತಲೆಯಲ್ಲಿ ಬುಟ್ಟಿ ಹಿಡಿದು ಬಂದವಳು, ಬಾರದ ಬಸ್ಸಿಗಾಗಿ ಬರಿಯ ಕಂಬದ ಬಳಿ ಕಾಯುತ್ತ ನಿಲ್ಲುವುದು ತಪ್ಪುತ್ತದೆ.