ಗರಗಸದ ಮೇಜಿಗೂ ಬೇಕು ತಿಂಗಳ ತಾಳೆ

ಬ್ಯಾಂಕಿನ ಲೆಕ್ಕವನ್ನು ನಗದು ಪುಸ್ತಕದೊಡನೆ ತಿಂಗಳಿಗೊಮ್ಮೆ ತಾಳೆ ನೋಡುವುದು ವ್ಯಾಪಾರಸ್ಥರಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ವ್ಯತ್ಯಾಸ ಚಿಕ್ಕದೆಂದು ಕಡೆಗಣಿಸಿದರೆ ವರ್ಷಾಂತ್ಯದಲ್ಲಿ ಅದೇ ದೊಡ್ಡ ತೊಡಕಾಗುತ್ತದೆ ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ಪೀಠೋಪಕರಣ, ಬಾಗಿಲು-ಕಿಟಕಿ, ಪ್ಯಾಕಿಂಗ್ ಪೆಟ್ಟಿಗೆಗಳನ್ನು ತಯಾರಿಸುವ ಅನೇಕ ಸಣ್ಣ ಘಟಕಗಳಲ್ಲಿ ದಿನವಿಡೀ ದುಡಿಯುವ ಟೇಬಲ್ ಗರಗಸಕ್ಕೆ ಇಂತಹ ತಾಳೆ ಇಲ್ಲ. ಕೊಂಡ ದಿನ ಹೊಂದಿಸಿದ ಯಂತ್ರ, ಕೆಟ್ಟು ನಿಲ್ಲುವ ದಿನದವರೆಗೆ ಹಾಗೆಯೇ ಓಡುತ್ತಿರುತ್ತದೆ. ಈ ರೂಢಿ ಮಾಲೀಕರ ಲಾಭಕ್ಕೂ ಕೆಲಸಗಾರರ ಕೈಬೆರಳಿಗೂ ಹಾನಿಕರ.

ಮೊದಲು ಲಾಭದ ವಿಚಾರ. 250 ಮಿ.ಮೀ. ಅಗಲದ ಸಾಗುವಾನಿ ಹಲಗೆಯಿಂದ 20 ಮಿ.ಮೀ.ನ ಪಟ್ಟಿಗಳನ್ನು ಸೀಳಬೇಕೆಂದು ಭಾವಿಸೋಣ. ಬ್ಲೇಡ್ ಪ್ರತಿ ಸೀಳಿಗೆ 3 ಮಿ.ಮೀ. ಮರವನ್ನು ಪುಡಿ ಮಾಡುತ್ತದೆ. ಅಂಚು ನೇರವಾಗಿ, ನುಣುಪಾಗಿ ಬಂದರೆ 11 ಪಟ್ಟಿಗಳು ಸರಿಯಾಗಿ ದೊರೆಯುತ್ತವೆ. ಬ್ಲೇಡ್ ಓರೆಯಾಗಿದ್ದು ಅಂಚಿನಲ್ಲಿ ಸುಟ್ಟ ಕಲೆ, ಹಲ್ಲಿನ ಗೀರು ಮೂಡುತ್ತಿದ್ದರೆ ತೋಪಡ ಹೊಡೆಯಲೆಂದು ಪ್ರತಿ ಪಟ್ಟಿಯನ್ನು 2 ಮಿ.ಮೀ. ದಪ್ಪವಾಗಿ ಸೀಳಬೇಕಾಗುತ್ತದೆ. ಆಗ ಅದೇ ಹಲಗೆಯಿಂದ ಸಿಗುವುದು 10 ಪಟ್ಟಿ ಮಾತ್ರ. ಹನ್ನೊಂದರಲ್ಲಿ ಒಂದು, ಅಂದರೆ ಸುಮಾರು ಶೇಕಡಾ 9ರಷ್ಟು ಉತ್ಪನ್ನ ಹೊಟ್ಟಾಗಿ ಹೋಯಿತು. ತೋಪಡ ಹೊಡೆದ ಕೂಲಿ ಬೇರೆ. ಈ ನಷ್ಟ ಯಾವ ಖಾತೆಯಲ್ಲಿಯೂ ಪ್ರತ್ಯೇಕವಾಗಿ ಕಾಣಿಸುವುದಿಲ್ಲ. ಕಚ್ಚಾ ಸಾಮಗ್ರಿಯ ವೆಚ್ಚದಲ್ಲಿ ಬೆರೆತು, ಮರದ ಬೆಲೆ ಏರಿತೆಂಬ ಗೊಣಗಾಟವಾಗಿ ಹೊರಬರುತ್ತದೆ.

ಇನ್ನು ಅಪಾಯದ ವಿಚಾರ. ನಿಮಿಷಕ್ಕೆ 4000 ಸುತ್ತು ತಿರುಗುವ 250 ಮಿ.ಮೀ. ಬ್ಲೇಡಿನ ಅಂಚಿನ ವೇಗ ಗಂಟೆಗೆ ಸುಮಾರು 188 ಕಿ.ಮೀ. ಬ್ಲೇಡಿನ ಮುಂಭಾಗದ ಹಲ್ಲುಗಳು ಮರವನ್ನು ಮೇಜಿನ ಕಡೆಗೆ ಒತ್ತಿದರೆ, ಹಿಂಭಾಗದ ಹಲ್ಲುಗಳು ಮೇಲಕ್ಕೆ ಏಳುತ್ತಿರುತ್ತವೆ. ಫೆನ್ಸ್ ಹಿಂದುಗಡೆ ಬ್ಲೇಡಿನತ್ತ ವಾಲಿದ್ದರೆ, ಅಥವಾ ಸೀಳಿದ ಮರ ಕೂಡಿಕೊಂಡು ಬ್ಲೇಡನ್ನು ಹಿಡಿದರೆ, ಆ ಹಲ್ಲುಗಳು ಮರವನ್ನು ಎತ್ತಿ ಎದುರಿಗೆ ನಿಂತವನತ್ತ ಎಸೆಯುತ್ತವೆ. ಮರವನ್ನು ತಳ್ಳುತ್ತಿದ್ದ ಕೈ ಆಧಾರ ತಪ್ಪಿ ಬ್ಲೇಡಿಗೆ ಸಿಗುವುದು ಅನೇಕ ವೇಳೆ ಇದೇ ಕ್ಷಣದಲ್ಲಿ. ಹೀಗಾಗಿ ಕೆಲಸದ ಅಚ್ಚುಕಟ್ಟು ಬೇರೆ, ಸುರಕ್ಷತೆ ಬೇರೆ ಎಂಬ ಭಾವನೆ ತಪ್ಪು. ಎರಡಕ್ಕೂ ಬೇಕಾದುದು ಒಂದೇ ಹೊಂದಾಣಿಕೆ.

ಈ ಹೊಂದಾಣಿಕೆಗೆ ದುಬಾರಿ ಸಲಕರಣೆ ಬೇಡ. ಸ್ವಿಚ್ ಆರಿಸಿದರಷ್ಟೇ ಸಾಲದು, ಪ್ಲಗ್ಗನ್ನೇ ಕಳಚಬೇಕು. ಬ್ಲೇಡಿನ ಒಂದು ಹಲ್ಲಿಗೆ ಗುರುತು ಹಾಕಿ, ಅದನ್ನು ಮುಂಭಾಗಕ್ಕೆ ತಂದು ಮೇಜಿನ ಮೈಟರ್ ಸ್ಲಾಟ್‌ನಿಂದ ಅದಕ್ಕಿರುವ ಅಂತರವನ್ನು ಅಳೆಯಬೇಕು. ಅದೇ ಹಲ್ಲನ್ನು ಹಿಂಭಾಗಕ್ಕೆ ತಿರುಗಿಸಿ ಮತ್ತೊಮ್ಮೆ ಅಳೆಯಬೇಕು. ಬೇರೆ ಹಲ್ಲನ್ನು ಅಳೆದರೆ ಬ್ಲೇಡಿನ ಸೊಟ್ಟವೂ ಲೆಕ್ಕಕ್ಕೆ ಸೇರಿ ದಾರಿ ತಪ್ಪಿಸುತ್ತದೆ. ಎರಡು ಅಳತೆಗಳ ವ್ಯತ್ಯಾಸ ಮಿಲಿಮೀಟರಿನ ಹತ್ತನೇ ಒಂದು ಭಾಗದೊಳಗಿದ್ದರೆ ಉತ್ತಮ. ಹೆಚ್ಚಿದ್ದರೆ, ಯಂತ್ರದ ರಚನೆಗೆ ತಕ್ಕಂತೆ ಮೇಜಿನ ಅಥವಾ ಬ್ಲೇಡಿನ ಆಧಾರದ ಬೋಲ್ಟುಗಳನ್ನು ಸಡಿಲಿಸಿ ಸರಿಪಡಿಸಬೇಕು. ಬಳಿಕ ಅದೇ ಸ್ಲಾಟ್‌ಗೆ ಫೆನ್ಸನ್ನು ಸಮಾನಾಂತರವಾಗಿ ಕೂರಿಸಬೇಕು. ಹಿಂದುಗಡೆ ಅಂತರ ಕೂದಲೆಳೆಯಷ್ಟು ಹೆಚ್ಚಿದ್ದರೆ ಬಾಧಕವಿಲ್ಲ, ಕಡಿಮೆ ಮಾತ್ರ ಇರಕೂಡದು. ಕೊನೆಗೆ ಮೂಲೆಮಟ್ಟವನ್ನು ಹಲ್ಲಿಗೆ ತಾಗದಂತೆ ಬ್ಲೇಡಿನ ಮೈಗೆ ಹಿಡಿದು 90 ಡಿಗ್ರಿ ನೋಡಬೇಕು. ಒಂದು ತುಂಡನ್ನು ಕತ್ತರಿಸಿ, ಒಂದು ಭಾಗವನ್ನು ಮಗುಚಿ ಜೋಡಿಸಿದರೆ ಇರುವ ದೋಷ ಇಮ್ಮಡಿಯಾಗಿ ಕಣ್ಣಿಗೆ ಬೀಳುತ್ತದೆ.

ಬ್ಲೇಡಿನ ಹಿಂದೆ ನಿಲ್ಲುವ ರೈವಿಂಗ್ ನೈಫ್ ಎಂಬ ತಗಡು ಸೀಳಿದ ಮರ ಮತ್ತೆ ಕೂಡದಂತೆ ತಡೆಯುತ್ತದೆ. ಅದು ಬ್ಲೇಡಿನ ಮೈಗಿಂತ ದಪ್ಪವಾಗಿ, ಸೀಳಿನ ಅಗಲಕ್ಕಿಂತ ತೆಳುವಾಗಿ ಇರಬೇಕು. ಬ್ಲೇಡ್ ಬದಲಿಸಿದಾಗಲೆಲ್ಲ ಇದನ್ನು ಪರೀಕ್ಷಿಸುವುದು ಅಗತ್ಯ. ಕೆಲವೆಡೆ ಕೈಯಲ್ಲಿ ಹಿಡಿದು ಬಳಸುವ ಕಟರನ್ನು ಹಲಗೆಯ ಕೆಳಗೆ ತಲೆಕೆಳಗಾಗಿ ಬಿಗಿದು ಮೇಜು ಮಾಡಿಕೊಳ್ಳುವುದುಂಟು. ಅದರಲ್ಲಿ ಕಾವಲೂ ಇಲ್ಲ, ಈ ತಗಡೂ ಇಲ್ಲ. ಅಂತಹುದನ್ನು ಮಿತವ್ಯಯ ಎನ್ನುವುದು ಸರಿಯಲ್ಲ.

ಇಷ್ಟು ಸುಲಭದ ಕೆಲಸ ಏಕೆ ನಡೆಯುವುದಿಲ್ಲ? ಉತ್ತರ ಕೂಲಿಯ ಪದ್ಧತಿಯಲ್ಲಿದೆ. ತುಂಡಿನ ಲೆಕ್ಕದಲ್ಲಿ ಕೂಲಿ ಪಡೆಯುವ ಕೆಲಸಗಾರನಿಗೆ ಯಂತ್ರ ಹೊಂದಿಸುವ ಒಂದು ಗಂಟೆ ಎಂದರೆ ಒಂದು ಗಂಟೆಯ ಗಳಿಕೆಯ ನಷ್ಟ. ಗಾಡಿ ತೆಗೆಯಲು ಅಡ್ಡಬಂತೆಂದು ಕಳಚಿದ ಕಾವಲನ್ನು ಮರಳಿ ಕೂರಿಸುವ ಸಮಯಕ್ಕೂ ಅವನಿಗೆ ಕಾಸಿಲ್ಲ. ಮಾಲೀಕರ ಆಸ್ತಿಯನ್ನು ಸುಸ್ಥಿತಿಯಲ್ಲಿಡುವ ವೆಚ್ಚವನ್ನು ಹೀಗೆ ಕೆಲಸಗಾರನ ಜೇಬಿಗೆ ಹೊರಿಸಿ, ಅವಘಡವಾದಾಗ ಅವನ ಅಜಾಗರೂಕತೆಯೆಂದು ತೀರ್ಮಾನಿಸುವುದು ನ್ಯಾಯವಲ್ಲ.

ಮೂವತ್ತು ವರ್ಷಗಳಿಂದ ಏನೂ ಆಗಿಲ್ಲವೆಂಬ ವಾದ ಕೇಳಿಬರುವುದುಂಟು. ಬೆಂಕಿ ಬೀಳದ ಗೋದಾಮಿಗೂ ವರ್ತಕರು ಪ್ರತಿವರ್ಷ ವಿಮೆ ಕಟ್ಟುತ್ತಾರೆಂಬುದನ್ನು ಇಲ್ಲಿ ನೆನೆಯಬೇಕು. ಕಾನೂನು ತಮಗೆ ಅನ್ವಯಿಸದೆಂಬುದು ಮತ್ತೊಂದು ವಾದ. 1948ರ ಕಾರ್ಖಾನೆಗಳ ಕಾಯಿದೆಯಲ್ಲಿ ವಿದ್ಯುತ್ ಬಳಸುವ ಘಟಕಕ್ಕೆ 10 ಕೆಲಸಗಾರರ ಮಿತಿಯಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಕಾರ್ಖಾನೆ ಎನಿಸಲು 20 ಕೆಲಸಗಾರರು ಬೇಕು. ನಾಲ್ಕಾರು ಜನರ ಘಟಕ ಸಾಮಾನ್ಯವಾಗಿ ಎರಡರಿಂದಲೂ ಹೊರಗೆ. ಆದರೆ ಬ್ಲೇಡಿಗೆ ಹಾಜರಿ ಪುಸ್ತಕ ಓದಲು ಬಾರದು. 1923ರ ಪರಿಹಾರ ಕಾಯಿದೆಯ ಅನುಸೂಚಿ ಹೆಬ್ಬೆರಳಿನ ನಷ್ಟವನ್ನು ಗಳಿಕೆಯ ಸಾಮರ್ಥ್ಯದಲ್ಲಿ ಶೇಕಡಾ 30ರ ನಷ್ಟವೆಂದು ಎಣಿಸಿತ್ತು. ಉಳಿ ಹಿಡಿದು ಬದುಕುವವನಿಗೆ ಆ ನಷ್ಟ ಅದಕ್ಕಿಂತ ಎಷ್ಟೋ ಹೆಚ್ಚು.

ಆದುದರಿಂದ ಸಣ್ಣ ಉದ್ದಿಮೆದಾರರು ಮೂರು ಕ್ರಮಗಳನ್ನು ಕೈಗೊಳ್ಳುವುದು ಸೂಕ್ತ. ತಿಂಗಳಿಗೊಮ್ಮೆ ಹಾಗೂ ಬ್ಲೇಡ್ ಬದಲಿಸಿದಾಗಲೆಲ್ಲ ಹೊಂದಾಣಿಕೆ ಪರೀಕ್ಷಿಸಿ, ಅಳತೆಗಳನ್ನು ದಿನಾಂಕ ಮತ್ತು ಸಹಿಯೊಡನೆ ಯಂತ್ರದ ಬಳಿಯ ಪುಸ್ತಕದಲ್ಲಿ ಬರೆಯಿಸಬೇಕು. ಆ ಸಮಯಕ್ಕೆ ತುಂಡಿನ ಲೆಕ್ಕದ ಹೊರತಾಗಿ ಪ್ರತ್ಯೇಕ ಕೂಲಿ ಕೊಟ್ಟು, ದುರಸ್ತಿ ಮತ್ತು ನಿರ್ವಹಣೆಯ ಖಾತೆಗೆ ಖರ್ಚು ಹಾಕಬೇಕು. ಒಂದು ಹಲಗೆಗೆ ಎಷ್ಟು ಪಟ್ಟಿ ದೊರೆಯಿತೆಂಬ ಲೆಕ್ಕವನ್ನೂ ಅದೇ ಪುಸ್ತಕದಲ್ಲಿ ಇಟ್ಟರೆ, ಕೊಟ್ಟ ಕೂಲಿ ಮರದಲ್ಲೇ ಮರಳಿ ಬಂದಿತೋ ಇಲ್ಲವೋ ಎಂಬುದು ಕೆಲವೇ ತಿಂಗಳಲ್ಲಿ ಮಾಲೀಕರಿಗೆ ತಿಳಿಯುತ್ತದೆ.