ಅರ್ಧ ರೇಸ್‌ಗೆ ಬಾಗಿಲು ತೆರೆಯಲ್ಲ

ಹಾಸ್ಟೆಲ್‌ನಲ್ಲಿ ನಾವು ನಾಲ್ಕು ಜನ ಪೋಕರ್ ಆಡ್ತೀವಿ. ದುಡ್ಡಿಟ್ಟು ಅಲ್ಲ, ಹುಣಸೆ ಬೀಜ ಇಟ್ಟು. ದುಡ್ಡಿನ ಆಟದ ಪರವಾಗಿ ಈ ಲೇಖನ ಅಲ್ಲ ಅಂತ ಮೊದಲೇ ಹೇಳಿಬಿಡ್ತೀವಿ. ಆದ್ರೆ ಬೀಜದ ಆಟದಲ್ಲೇ ಒಬ್ಬ ಗೆಳೆಯ ಮೂರು ವಾರ ನಮ್ಮ ಜೊತೆ ಮಾತು ಬಿಟ್ಟಿದ್ದ. ತಪ್ಪು ಅವನದ್ದಲ್ಲ, ನಮ್ಮದು.

ನಡೆದದ್ದು ಇಷ್ಟು. ನೋ-ಲಿಮಿಟ್ ಆಟ. ಒಬ್ಬ 20 ಬೀಜ ಬೆಟ್ ಇಟ್ಟ. ಎರಡನೆಯವನ ಹತ್ರ ಇದ್ದದ್ದೇ 32, ಎಲ್ಲಾ ತಳ್ಳಿ ಆಲ್-ಇನ್ ಅಂದ. ನಮ್ಮ ಗೆಳೆಯ 32 ಹಾಕಿ ಕಾಲ್ ಮಾಡಿದ. ನಾಲ್ಕನೆಯವನು ಎಲೆ ಬಿಸಾಕಿದ. ಸರದಿ ಮೊದಲನೆಯವನಿಗೆ ವಾಪಸ್ ಬಂದಾಗ ಅವನು ಸೀದಾ 200ಕ್ಕೆ ಏರಿಸಿದ. "ನೀನು ಈಗ ಏರಿಸೋ ಹಾಗಿಲ್ಲ" ಅಂದ ಗೆಳೆಯ. ನಾವು ವೋಟ್ ಹಾಕಿದ್ವಿ. ಮೂರಕ್ಕೆ ಒಂದು. ಅವನು ಎಲೆ ಇಟ್ಟು ಎದ್ದು ಹೋದ.

ಆಮೇಲೆ ಮಿನಿ ಪ್ರಾಜೆಕ್ಟ್‌ಗೆ ಇದೇ ಆಟವನ್ನ ಕೋಡ್ ಮಾಡೋಕೆ ಕೂತಾಗ ರೂಲ್ಸ್ ನಿಜವಾಗಿ ಓದಿದ್ವಿ. 2001ರಲ್ಲಿ ಶುರುವಾದ ಪೋಕರ್ ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್‌ನ ನಿಯಮ ಸ್ಪಷ್ಟವಾಗಿದೆ. ನೋ-ಲಿಮಿಟ್‌ನಲ್ಲಿ ರೇಸ್ ಅಂದ್ರೆ ಹಿಂದಿನ ಬೆಟ್‌ನಷ್ಟಾದ್ರೂ ಹೆಚ್ಚಿರಬೇಕು. 20ರ ಮೇಲೆ ಪೂರ್ತಿ ರೇಸ್ ಅಂದ್ರೆ 40. ಆಲ್-ಇನ್‌ನಿಂದ ಹೆಚ್ಚಾದದ್ದು ಬರೀ 12. ಹಾಗಾಗಿ ಮೊದಲನೆಯವನು 12 ಕೊಡಬಹುದು ಅಥವಾ ಎಲೆ ಬಿಡಬಹುದು, ಅಷ್ಟೇ. ಇನ್ನೂ ಆಡದವರು ಮಾತ್ರ ಏರಿಸಬಹುದು. ಗೆಳೆಯ ಹೇಳಿದ್ದೇ ಸರಿ.

ತಮಾಷೆ ಅಂದ್ರೆ, ಬೆಟ್ ಮೊತ್ತ ಮೊದಲೇ ಗೊತ್ತಾಗಿರೋ ಲಿಮಿಟ್ ಆಟದಲ್ಲಿ ಅರ್ಧ ರೇಸ್ ಆದ್ರೂ ಸಾಕು. ಅಲ್ಲಿ 10 ದಾಟಿದ್ರೆ ಬಾಗಿಲು ತೆರೆಯುತ್ತೆ, ಅಂದ್ರೆ ಅದೇ 12 ಸಾಕಿತ್ತು. ಇನ್ನೊಂದು ವಿಷಯ: ನೋ-ಲಿಮಿಟ್‌ನಲ್ಲೂ ಸಣ್ಣ ಆಲ್-ಇನ್‌ಗಳು ಕೂಡಿಕೊಳ್ತವೆ. 32 ಆದ್ಮೇಲೆ ಮತ್ತೊಬ್ಬ 45ಕ್ಕೆ ಆಲ್-ಇನ್ ಹೋಗಿದ್ರೆ ಮೊದಲನೆಯವನ ಮುಂದೆ 25 ಇರ್ತಿತ್ತು, ಏರಿಸೋ ಹಕ್ಕೂ ಬರ್ತಿತ್ತು. ನಮ್ಮ ಪ್ರೋಗ್ರಾಂನಲ್ಲಿ ಜಾಸ್ತಿ ಹೊತ್ತು ತಿಂದ ಬಗ್ ಇದೇ.

"ನನ್ನ ಬೆಟ್ ಮೇಲೆ ಇನ್ನೊಬ್ಬ ಹೆಚ್ಚಿಸಿದ ಮೇಲೆ ನನಗೂ ಹಕ್ಕು ಬೇಡ್ವಾ?" ಅಂತ ಕೆಲವರು ಕೇಳ್ತಾರೆ. ಬೇಡ ಅನ್ನೋದು ನಮ್ಮ ವಾದ. ಬೀಜ ಖಾಲಿಯಾದವನು ಕೊನೆಯದನ್ನೂ ತಳ್ಳಿದ್ದಾನೆ, ಪೂರ್ತಿ ಸವಾಲು ಹಾಕಿಲ್ಲ. ಅವನ 12 ಬೀಜವನ್ನ ನೆಪ ಮಾಡ್ಕೊಂಡು, ಒಂದ್ಸಲ ಆಡಿ ಮುಗಿಸಿದವನು ಮತ್ತೆ 200ಕ್ಕೆ ಹಾರಿದ್ರೆ, ನಡುವೆ ಕಾಲ್ ಮಾಡಿದವನು ಸಿಕ್ಕಿಹಾಕ್ಕೊಳ್ತಾನೆ. ಈ ನಿಯಮ ಕಾಯೋದು ಅವನನ್ನೇ.

ಆದ್ರೆ ನಮ್ಮ ದೊಡ್ಡ ತಪ್ಪು ನಿಯಮ ಗೊತ್ತಿಲ್ಲದ್ದು ಅಲ್ಲ. ಗೊತ್ತಿಲ್ಲದ್ದನ್ನ, ಆಟದ ಮಧ್ಯೆ, ಕೈಯಲ್ಲಿ ಎಲೆ ಹಿಡ್ಕೊಂಡೇ ವೋಟ್ ಹಾಕಿ ತೀರ್ಮಾನಿಸಿದ್ದು. ವೋಟ್ ಹಾಕಿದವರಲ್ಲಿ ಇಬ್ಬರು ಅದೇ ಆಟದಲ್ಲಿ ಗೆಲ್ಲೋಕೆ ಕಾಯ್ತಿದ್ರು! ವೈವಾ ಮಧ್ಯೆ ಮಾರ್ಕ್ಸ್ ಸ್ಕೀಮ್ ಬದಲಿಸಿದ್ರೆ ನಾವು ಸುಮ್ನೆ ಇರ್ತೀವಾ? ಎಲೆ ಹಂಚೋ ಮುಂಚೆ ಒಪ್ಪಿದ್ದೇ ನಿಯಮ. ಆಮೇಲೆ ಮಾಡಿದ್ದು ಬರೀ ಬಹುಮತ.

ನಾವು ಅವನ ರೂಮಿಗೆ ಹೋಗಿ ಕ್ಷಮೆ ಕೇಳಿದ್ವಿ. ಈಗ ಮತ್ತೆ ನಾಲ್ಕೂ ಜನ ಆಡ್ತೀವಿ. ಲಿಮಿಟ್ಟೋ ನೋ-ಲಿಮಿಟ್ಟೋ ಅಂತ ಮೊದಲು ಕೇಳೋನು ಅವನೇ.