ಬ್ಯಾಟರಿಯ ನಿದಾನ

ಕಳೆದ ಪುಷ್ಯಮಾಸದಲ್ಲಿ ಒಂದು ರಾತ್ರಿ, ಎರಡು ಘಂಟೆಯ ಸಮಯಕ್ಕೆ, ನೆರೆಮನೆಯ ಹುಡುಗನು ನಮ್ಮ ಬಾಗಿಲನ್ನು ತಟ್ಟಿದನು. “ಮೇಷ್ಟ್ರೇ, ಅಜ್ಜಿಗೆ ಉಸಿರು ಕಟ್ಟುತ್ತಾ ಇದೆ, ಸ್ವಲ್ಪ ಕಾರು ತೆಗೀರಿ” ಎಂದನು. ನಾವು ಶಾಲನ್ನು ಹೊದ್ದು ಹೊರಕ್ಕೆ ಬಂದು ಬೀಗದಕೈಯನ್ನು ತಿರುಗಿಸಿದೆವು. ಕಾರಿನ ದೀಪಗಳು ಎದುರುಗೋಡೆಯನ್ನು ಹಗಲಿನಂತೆ ಬೆಳಗಿದುವು. ಆದರೆ ಯಂತ್ರವು ‘ಟಕ್, ಟಕ್’ ಎಂದಿತೇ ಹೊರತು ಸೆಲ್ಫ್ ತೆಗೆದುಕೊಳ್ಳಲಿಲ್ಲ. ಕೊನೆಗೆ ರಾಬರ್ಟ್‌ಸನ್‌ಪೇಟೆಯ ಬೀದಿಯಲ್ಲಿ ಒಂದು ಆಟೋರಿಕ್ಷಾ ದೊರೆಯುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ದೈವಕೃಪೆಯಿಂದ ಆ ವೃದ್ಧೆಯು ಈಗ ಆರೋಗ್ಯವಾಗಿದ್ದಾರೆ. ಆದರೂ ಆ ಇಪ್ಪತ್ತು ನಿಮಿಷಗಳನ್ನು ನಾವು ಮರೆತಿಲ್ಲ. ಈ ತಿಂಗಳು ಈ ವಿಷಯವನ್ನು ಬರೆಯುವುದಕ್ಕೆ ಅದೇ ಕಾರಣ.

ಮಾರನೆಯ ದಿನ ಒಂದು ಅಂಗಡಿಯವರನ್ನು ಕರೆತಂದೆವು. ಅವರು ಬಾನೆಟ್ಟನ್ನು ಎತ್ತಿ, ‘ಟಕ್’ ಶಬ್ದವನ್ನು ಒಮ್ಮೆ ಕೇಳಿ, “ಬ್ಯಾಟರಿ ಹೋಗಿದೆ ಸಾರ್” ಎಂದರು. ಯಾವ ಮೀಟರನ್ನೂ ಹಚ್ಚಿ ನೋಡಲಿಲ್ಲ, ನಾವೂ ಕೇಳಲಿಲ್ಲ. ಹಳೆಯದನ್ನು ಕೊಟ್ಟು, ಮೇಲೆ ಹಣವನ್ನೂ ತೆತ್ತು, ಹೊಸದನ್ನು ಹಾಕಿಸಿದೆವು. ಹೊಸದರ ಹುರುಪಿನಲ್ಲಿ ಕಾರು ಮೂರು ವಾರ ನಡೆಯಿತು. ಅನಂತರ ಒಂದು ಸಂಜೆ ಬೆಂಗಳೂರಿನಿಂದ ರೈಲಿನಲ್ಲಿ ಬಂದು ಬಂಗಾರಪೇಟೆಯಲ್ಲಿಳಿದು, ನಿಲ್ದಾಣದ ಬಳಿ ನಿಲ್ಲಿಸಿದ್ದ ಕಾರನ್ನು ಹತ್ತಿದರೆ ಮತ್ತೆ ಅದೇ ‘ಟಕ್, ಟಕ್’.

ಅಲ್ಲಿಗೆ ಬಂದ ಎಲೆಕ್ಟ್ರಿಷಿಯನ್ನನು ವಯಸ್ಸಿನಲ್ಲಿ ನಮ್ಮ ಶಿಷ್ಯರ ಶಿಷ್ಯನಾಗಿರಬಹುದು. ಅವನು ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಸೆಲ್ಫ್ ಹೊಡೆಯುವಾಗ ಲೈಟು ಮಂಕಾಗುತ್ತಾ ಸಾರ್?” ಇಲ್ಲವೆಂದೆವು. ಆಗ ಅವನು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಮತ್ತೊಂದನ್ನು ಎಂಜಿನ್ನಿನ ಮೈಗೂ ಒತ್ತಿ ಹಿಡಿದು, ನಮ್ಮಿಂದ ಬೀಗದಕೈಯನ್ನು ತಿರುಗಿಸಿದನು. ಈ ಎರಡು ಸ್ಥಾನಗಳ ನಡುವೆ ಅರ್ಧ ವೋಲ್ಟಿಗಿಂತ ಕಡಮೆ ಇರತಕ್ಕದ್ದು. ಅಲ್ಲಿ ಹಲವು ವೋಲ್ಟು ಕಾಣಿಸಿತು. ಎಂಜಿನ್ನನ್ನು ಕಾರಿನ ಮೈಗೆ ಸೇರಿಸುವ ಅರ್ಥ್ ಪಟ್ಟಿಯು ಕಿಲುಬು ಹಿಡಿದು ಸಡಿಲವಾಗಿದ್ದಿತು. ಅವನು ಅದನ್ನು ಬಿಚ್ಚಿ, ಉಜ್ಜಿ, ಬಿಗಿದನು. ಕಾರು ಮೊದಲನೆಯ ಸಲಕ್ಕೇ ಹೊರಟಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಯನ್ನು ಎಷ್ಟೋ ವರ್ಷ ತರಗತಿಯಲ್ಲಿ ವಿವರಿಸಿದ ನಾವು, ನಮ್ಮ ಹಣದಿಂದಲೇ ಅದಕ್ಕೊಂದು ಉದಾಹರಣೆಯನ್ನು ಒದಗಿಸಿದಂತಾಯಿತು.

ತರ್ಕಶಾಸ್ತ್ರದಲ್ಲಿ ‘ಸವ್ಯಭಿಚಾರ’ವೆಂಬ ಒಂದು ದೋಷವುಂಟು. ಸಾಧಿಸಬೇಕಾದ ವಿಷಯವು ಇರುವ ಕಡೆಯಲ್ಲಿಯೂ ಇಲ್ಲದ ಕಡೆಯಲ್ಲಿಯೂ ಕಾಣುವ ಗುರುತನ್ನು ನಂಬಿ ತೀರ್ಮಾನಕ್ಕೆ ಬರುವುದೇ ಆ ದೋಷ. ‘ಟಕ್’ ಶಬ್ದವು ಅಂಥ ಗುರುತು. ಬ್ಯಾಟರಿಯು ಬಡವಾದರೂ ಅದು ಕೇಳುತ್ತದೆ. ತಂತಿಯ ಸಂಧಿಯು ಕೆಟ್ಟರೂ ಕೇಳುತ್ತದೆ. ಎರಡನ್ನೂ ಬೇರ್ಪಡಿಸಿ ತೋರಿಸುವುದು ದೀಪ. ಬೀಗದಕೈಯನ್ನು ತಿರುಗಿಸಿದಾಗ ದೀಪವು ತೀರ ಮಂಕಾದರೆ ಮೊದಲು ಬ್ಯಾಟರಿಯನ್ನೂ ಅದರ ಟರ್ಮಿನಲ್ಲುಗಳನ್ನೂ ಸಂಶಯಿಸಬೇಕು. ದೀಪವು ಹಾಗೆಯೇ ಪ್ರಕಾಶಿಸುತ್ತಿದ್ದರೆ ಸ್ಟಾರ್ಟರನ್ನೂ ಅದಕ್ಕೆ ಹೋಗುವ ತಂತಿಗಳನ್ನೂ ನೋಡಬೇಕು. ಆ ರಾತ್ರಿ ಎದುರುಗೋಡೆಯು ನಮಗೆ ಉತ್ತರವನ್ನು ಹೇಳಿಯೇ ಇದ್ದಿತು, ನಾವು ಓದಲಿಲ್ಲ.

ಇನ್ನು ಬ್ಯಾಟರಿಯೇ ನಿಜವಾಗಿ ದುರ್ಬಲವಾಗಿರುವುದನ್ನು ತಿಳಿಯುವ ಬಗೆ. ನಮ್ಮ ಊರಿಗೆ ವಿದ್ಯುತ್ತು ಹಳೆಯ ಪರಿಚಯ. 1902ರ ಜೂನ್ ತಿಂಗಳಲ್ಲಿಯೇ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ತಂತಿಯ ಮೂಲಕ ಅದು ಚಿನ್ನದ ಗಣಿಗಳಿಗೆ ಬಂದಿತು; ಬೆಂಗಳೂರಿಗೆ ದೊರೆತದ್ದು 1905ರಲ್ಲಿ. ಆದರೆ ತಂತಿಯ ವಿದ್ಯುತ್ತು ಹರಿಯುವ ಕಾಲುವೆ. ಬ್ಯಾಟರಿಯದು ಕಣಜದ ಧಾನ್ಯ. ತುಂಬಿದುದನ್ನು ಮಾತ್ರ ತೆಗೆಯಬಹುದು. 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ಎಂಬಾತನು ಕಂಡುಹಿಡಿದ ಸೀಸದ ಬ್ಯಾಟರಿಯ ತತ್ತ್ವವೇ ಇಂದಿಗೂ ಬಹುತೇಕ ಕಾರುಗಳಲ್ಲಿ ನಡೆಯುತ್ತಿದೆ. ಒಳಗೆ ಆರು ಕೋಶಗಳು. ಒಂದೊಂದರಲ್ಲಿಯೂ ಸೀಸದ ತಗಡುಗಳು, ನೀರು ಬೆರೆತ ಗಂಧಕಾಮ್ಲ. ವಿದ್ಯುತ್ತನ್ನು ತೆಗೆದಂತೆ ತಗಡಿನ ಮೇಲೆ ಸೀಸದ ಸಲ್ಫೇಟು ಕೂಡುತ್ತದೆ, ತುಂಬಿದಾಗ ಕರಗುತ್ತದೆ. ಬಹುದಿನ ತುಂಬದೆ ಬಿಟ್ಟರೆ ಅದು ಗಟ್ಟಿ ಹರಳಾಗಿ, ಆಮೇಲೆ ಎಷ್ಟು ತುಂಬಿದರೂ ಕರಗದು.

ಮೀಟರಿನಿಂದ ಮೂರು ಸಲ ನೋಡತಕ್ಕದ್ದು. ಮೊದಲನೆಯದು, ಕಾರು ರಾತ್ರಿಯೆಲ್ಲ ನಿಂತ ಮೇಲೆ ಬೆಳಗ್ಗೆ. 12.6 ವೋಲ್ಟು ಇದ್ದರೆ ಕಣಜವು ಪೂರ್ಣ; 12.4 ಮುಕ್ಕಾಲು, 12.2 ಅರ್ಧ, 12ಕ್ಕಿಂತ ಕೆಳಗಿದ್ದರೆ ಬಹುಮಟ್ಟಿಗೆ ಬರಿದು. ಎರಡನೆಯದು, ಸೆಲ್ಫ್ ಹೊಡೆಯುವಾಗ. ತುಂಬಿದ ಬ್ಯಾಟರಿಯು ಒಂಬತ್ತೂವರೆ ವೋಲ್ಟಿಗಿಂತ ಕೆಳಗೆ ಕುಸಿದರೆ ಅದರ ಶಕ್ತಿಯು ಮುಗಿಯಿತೆಂದು ತಿಳಿಯಬೇಕು. ಮೂರನೆಯದು, ಎಂಜಿನ್ನು ನಡೆಯುವಾಗ. ಸಾಮಾನ್ಯವಾಗಿ 13.5ರಿಂದ 14.5ರವರೆಗೆ ಇರಬೇಕು. ಹಾಗಿಲ್ಲದೆ 12ರ ಸುಮಾರಿನಲ್ಲಿಯೇ ನಿಂತರೆ ತಪ್ಪು ಬ್ಯಾಟರಿಯದಲ್ಲ, ಅದನ್ನು ತುಂಬುವ ಆಲ್ಟರ್ನೇಟರಿನದು. ಅಲ್ಲಿ ಹೊಸ ಬ್ಯಾಟರಿಯನ್ನು ಹಾಕಿದರೆ ಅದೂ ಕೆಲವು ದಿನಗಳಲ್ಲಿ ಬರಿದಾಗುವುದು.

ನಮ್ಮ ಕಡೆಯ ಮನೆಗಳಲ್ಲಿ ಬ್ಯಾಟರಿಯು ಸೊರಗುವುದಕ್ಕೆ ಒಂದು ವಿಶೇಷ ಕಾರಣವುಂಟು. 2001ರಲ್ಲಿ ಗಣಿಗಳು ಮುಚ್ಚಿದಂದಿನಿಂದ ಎಷ್ಟೋ ಮಂದಿ ದಿನವೂ ರೈಲು ಹತ್ತಿ ಬೆಂಗಳೂರಿನ ಕೆಲಸಕ್ಕೆ ಹೋಗಿಬರುತ್ತಾರೆ. ಮನೆಯಿಂದ ಮಾರಿಕುಪ್ಪಕ್ಕೋ ಕೋರಮಂಡಲಕ್ಕೋ ಐದು ನಿಮಿಷ ಕಾರು. ಹಗಲೆಲ್ಲ ಅದು ನಿಲ್ದಾಣದ ಬಿಸಿಲಿನಲ್ಲಿ. ಕತ್ತಲಾದ ಮೇಲೆ ದೀಪ ಹಾಕಿಕೊಂಡು ಮತ್ತೆ ಐದು ನಿಮಿಷ. ಹೊರಡುವಾಗ ಖರ್ಚಾದುದು ಅಷ್ಟರಲ್ಲಿ ತುಂಬುವುದಿಲ್ಲ. ಸಾಲದುದಕ್ಕೆ ಬಿಸಿಲಿನ ತಾಪವು ಬ್ಯಾಟರಿಯ ಆಯುಸ್ಸನ್ನು ತಿನ್ನುತ್ತದೆ. ಬೇಸಗೆಯು ಮಾಡಿದ ಹಾನಿಯನ್ನು ಪುಷ್ಯದ ಚಳಿಯು ಬಯಲಿಗೆ ತರುತ್ತದೆ. ಅಂಥವರು ವಾರಕ್ಕೊಮ್ಮೆಯಾದರೂ ಕೋಲಾರದವರೆಗೋ ಮುಳಬಾಗಿಲಿನವರೆಗೋ ಕಾರನ್ನು ಓಡಿಸಿ ತರುವುದು ಲೇಸು. ಡಿಕ್ಕಿಯ ದೀಪವು ಆರದೆ ಉರಿಯುತ್ತಿದೆಯೇ ಎಂಬುದನ್ನೂ ಪರೀಕ್ಷಿಸಬೇಕು. ನೀರು ಹಾಕುವ ಜಾತಿಯದಾದರೆ ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು. ನಲ್ಲಿಯ ನೀರು ಸಲ್ಲದು.

ಬದಲಾಯಿಸಲೇಬೇಕಾದರೆ ಇಷ್ಟನ್ನು ಗಮನಿಸಿರಿ. ಹಳೆಯದರ ಅಳತೆ, ಆಂಪಿಯರ್-ಅವರ್, ಟರ್ಮಿನಲ್ಲುಗಳ ದಿಕ್ಕು, ಇವು ಹೊಸದರಲ್ಲಿಯೂ ಅವೇ ಇರಬೇಕು. ಸಿಗ್ನಲ್ಲಿನಲ್ಲಿ ತಾನೇ ನಿಂತು ತಾನೇ ಹೊರಡುವ ಕಾರುಗಳಿಗೆ ಬೇರೆ ಜಾತಿಯ ಬ್ಯಾಟರಿಯುಂಟು, ಸಾಧಾರಣವಾದುದನ್ನು ಹಾಕಬಾರದು. ತಯಾರಾದ ತಿಂಗಳನ್ನು ಕೇಳಿರಿ. ಬಹುಕಾಲ ಅಂಗಡಿಯಲ್ಲಿ ಕುಳಿತದ್ದು ಬೇಡ. ವಾರಂಟಿ ಚೀಟಿಗೆ ದಿನಾಂಕವನ್ನೂ ಮುದ್ರೆಯನ್ನೂ ಹಾಕಿಸಿಕೊಳ್ಳಿರಿ. ಕೈಯ ಉಂಗುರ, ಬಳೆಗಳನ್ನು ತೆಗೆದಿಡಿರಿ. ಹತ್ತಿರ ಬೆಂಕಿಯು ಕೂಡದು, ಏತಕ್ಕೆಂದರೆ ಬ್ಯಾಟರಿಯಿಂದ ಹೊರಡುವ ಜಲಜನಕವು ಹತ್ತಿಕೊಳ್ಳುವಂಥದು. ಬಿಚ್ಚುವಾಗ ಋಣ ತುದಿಯು ಮೊದಲು, ಹಾಕುವಾಗ ಧನ ತುದಿಯು ಮೊದಲು. ಕಾರಿನ ಮೈಯೆಲ್ಲ ಋಣಕ್ಕೆ ಸೇರಿದೆ. ಧನ ತುದಿಯನ್ನು ಮೊದಲು ಬಿಚ್ಚಹೋಗಿ ಸ್ಪ್ಯಾನರು ಮೈಗೆ ತಾಗಿದರೆ ಕಿಡಿ ಸಿಡಿಯುವುದು. ಆಮ್ಲವು ಚರ್ಮಕ್ಕೆ ಬಿದ್ದರೆ ಧಾರಾಳವಾಗಿ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದರೆ ತೊಳೆಯುತ್ತ ವೈದ್ಯರಲ್ಲಿಗೆ ಹೋಗಬೇಕು.

ಹಳೆಯ ಬ್ಯಾಟರಿಯ ಮಾತೊಂದು ಉಳಿಯಿತು. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಸೀಸವು ಮಕ್ಕಳ ಬುದ್ಧಿಯನ್ನೇ ಕುಗ್ಗಿಸುವ ವಿಷ. ಹಿತ್ತಿಲಲ್ಲಿಡುವುದು, ಬೀದಿಯಲ್ಲಿ ಒಡೆದು ಕರಗಿಸುವವರಿಗೆ ಮಾರುವುದು, ಎರಡೂ ಸಲ್ಲ. ಹೊಸದನ್ನು ಕೊಳ್ಳುವ ಕಡೆಯಲ್ಲಿಯೇ ಹಿಂದಕ್ಕೆ ಕೊಡಬೇಕು; ಅದನ್ನು ಸಂಗ್ರಹಿಸುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆಯೇ ಹೊರಿಸಿವೆ. ಗಾಳಿ ಬೀಸಿದಾಗ ಸೈನೈಡ್ ದಿಬ್ಬಗಳ ಧೂಳನ್ನು ಬಾಗಿಲಲ್ಲಿ ಕಂಡಿರುವ ನಮ್ಮ ಊರಿನವರಿಗೆ, ಕೆಲಸವಾದ ಮೇಲೆ ಉಳಿಯುವ ವಿಷದ ವಿಚಾರವನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ.

ಆಯುರ್ವೇದದಲ್ಲಿ ರೋಗದ ಮೂಲವನ್ನು ಅರಿಯುವುದಕ್ಕೆ ‘ನಿದಾನ’ವೆಂದು ಹೆಸರು. ಕನ್ನಡದಲ್ಲಿ ಅದಕ್ಕೊಂದು ಪ್ರಾಣವು ಕೂಡಿದರೆ ‘ನಿಧಾನ’ವಾಗುತ್ತದೆ. ಮೊದಲನೆಯದಕ್ಕೆ ಎರಡನೆಯದು ಬೇಕು. ಆದರೆ ಅಪರಾತ್ರಿಯಲ್ಲಿ ಬಾಗಿಲು ತಟ್ಟಿದಾಗ ನಿಧಾನಕ್ಕೆ ಎಡೆಯಿರುವುದಿಲ್ಲ. ಆದಕಾರಣ ನಿದಾನವನ್ನು ಹಗಲಿನಲ್ಲಿಯೇ ಮಾಡಿಟ್ಟುಕೊಳ್ಳಬೇಕು. ಈಗ ಪ್ರತಿ ತಿಂಗಳ ಮೊದಲನೆಯ ಭಾನುವಾರ ನಾವು ಮೀಟರನ್ನು ಹಿಡಿದು ನಿಲ್ಲುತ್ತೇವೆ. ನೆರೆಮನೆಯ ಹುಡುಗನು ಅಂಕೆಯನ್ನು ಓದಿ, ಗೋಡೆಯ ಪಂಚಾಂಗದಲ್ಲಿ ಬರೆಯುತ್ತಾನೆ. ಅವನ ಅಜ್ಜಿಯು ಜಗುಲಿಯಿಂದ ಕೇಳುತ್ತಾರೆ: “ಎಷ್ಟಿದೆಯೋ?” ಈ ತಿಂಗಳು 12.6.